ಚಿತ್ರಪುಸ್ತಕದ ಆನೆಮರಿ ಮಾತಾಡಬಹುದಾ?

ನಲಿಕಲಿ ಟೀಚರ್, ಸಕಲೇಶಪುರ
ನಮ್ಮ ಶಾಲೆಯ ಒಂದರಿಂದ ಮೂರನೇ ತರಗತಿ ಮಕ್ಕಳಿಗೆ ಒಂದು ಚಿತ್ರಪುಸ್ತಕ ಮಾಡುತ್ತಿದ್ದೇನೆ. ಕಥೆ ಇಷ್ಟು: ಕಾಫಿ ತೋಟದಲ್ಲಿ ಆನೆಮರಿಯೊಂದು ಹಿಂಡಿನಿಂದ ತಪ್ಪಿಸಿಕೊಳ್ಳುತ್ತದೆ. ಕಾಳಿಂಗ ಸರ್ಪ, ಮಂಗಟ್ಟೆ ಹಕ್ಕಿ, ಚಗಳಿ ಇರುವೆ ಒಬ್ಬರಾದ ಮೇಲೆ ಒಬ್ಬರು ದಾರಿ ಹೇಳುತ್ತಾರೆ. ಕೊನೆಗೆ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹುಡುಗಿ ಬಾಳೆಹಣ್ಣು ಕೊಟ್ಟು ಮರಿಯನ್ನು ಅಮ್ಮನ ಹತ್ತಿರ ಬಿಡುತ್ತಾಳೆ. ಪರಿಸರ ಪಾಠಕ್ಕೂ ಇದನ್ನೇ ಬಳಸುವ ಆಸೆ. "ಪ್ರಾಣಿ ಮಾತಾಡಿದರೆ ಅದು ಪಾಠ ಆಗಲ್ಲ" ಅಂತ ಸಹೋದ್ಯೋಗಿಯೊಬ್ಬರು ಅಂದರು. ನೀವೇನು ಹೇಳುತ್ತೀರಿ?

ಕಡೂರಿನ ಅಪ್ಪ
ಅವರು ಹೇಳಿದ್ದು ಸರಿ ಮೇಡಂ. ಪೆಟ್ರೀಷಿಯಾ ಗಾನಿಯಾ ಮತ್ತು ಜತೆಗಾರರು 2014ರಲ್ಲಿ ಇದರ ಬಗ್ಗೆಯೇ ಅಧ್ಯಯನ ಪ್ರಕಟಿಸಿದ್ದಾರೆ. ಮೂರರಿಂದ ಐದು ವರ್ಷದ ಮಕ್ಕಳಿಗೆ, ಅವರು ಕಂಡು ಕೇಳಿರದ ಪ್ರಾಣಿಗಳ ಪುಸ್ತಕ ಓದಿ ಹೇಳಿದರು. ಪ್ರಾಣಿಯನ್ನು ಮನುಷ್ಯರ ಹಾಗೆ ಮಾತಾಡಿಸಿದಾಗ, ಮಕ್ಕಳು ನಿಜವಾದ ಪ್ರಾಣಿಗೂ ಮನುಷ್ಯರ ಗುಣ ಅಂಟಿಸುವುದು ಹೆಚ್ಚಾಯಿತು. ಚಿಕ್ಕವರು ಹೊಸ ವಿಷಯ ಕಲಿತದ್ದೂ ಕಡಿಮೆ.

ಅಜ್ಜಿಕಥೆ, ಹಾಸನ
ಹಾಗಾದರೆ ಪುಣ್ಯಕೋಟಿ ಹಾಡನ್ನೂ ನಿಲ್ಲಿಸೋಣವಾ ಸಾರ್? ನಾಚಿಕೆಯಿಂದ ಪ್ರಾಣ ಬಿಡುವ ಹುಲಿ ಯಾವ ಕಾಡಿನಲ್ಲಿದೆ? ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದೇವೆ. ಅದನ್ನು ನಂಬಿ ಹುಲಿ ಎದುರು ಹೋಗಿ ನಿಂತವರನ್ನು ನಾನಂತೂ ಕಾಣೆ.

ಕಡೂರಿನ ಅಪ್ಪ
ಅದನ್ನು ಯಾರೂ ಹುಲಿಯ ಪಾಠ ಅಂತ ಹೇಳಿಕೊಡಲ್ಲ ಅಲ್ವಾ? ಮೇಡಂ ಪಾಠಕ್ಕೂ ಬಳಸುತ್ತೇನೆ ಅಂದಿದ್ದಾರೆ.

ಮೂಡಿಗೆರೆ ಹಕ್ಕಿಹುಚ್ಚಿ
ಮಾತಿನ ಬಗ್ಗೆ ಸುಮ್ನೆ ಜಗಳ ಆಗ್ತಿದೆ. ಟೀಚರ್ ಹೇಳುತ್ತಿರುವ ಮಕ್ಕಳು ಆರು ದಾಟಿದವರು. ಆನೆ ಕನ್ನಡ ಮಾತಾಡಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ನನಗೆ ಕಿರಿಕಿರಿ ಆಗೋದು ಸದ್ದಿಲ್ಲದೆ ನುಸುಳುವ ಸುಳ್ಳುಗಳಿಂದ. ಎಷ್ಟೋ ಪುಸ್ತಕಗಳಲ್ಲಿ ಹಿಂಡಿನ ಮುಂದೆ ಕಿರೀಟ ಹಾಕಿದ ಗಜರಾಜ ಇರುತ್ತಾನೆ. ಹಿಂಡು ನಡೆಸುವುದು ವಯಸ್ಸಾದ ಹೆಣ್ಣಾನೆ. ಬೆಳೆದ ಸಲಗ ಹೆಚ್ಚಾಗಿ ಬೇರೆಯೇ ಇರುತ್ತದೆ. ಆನೆ ಸೊಂಡಿಲನ್ನು ಸ್ಟ್ರಾ ಥರ ಇಟ್ಟುಕೊಂಡು ನೀರು ಕುಡಿಯುವುದಿಲ್ಲ, ಸೊಂಡಿಲಿಗೆ ಎಳೆದು ಬಾಯಿಗೆ ಸುರಿದುಕೊಳ್ಳುತ್ತದೆ. ಇನ್ನು ಗೂಡಿನಲ್ಲಿ ಮರಿಗಳ ಪಕ್ಕ ಕೂತು ಕುಹೂ ಅನ್ನುವ ಅಮ್ಮ ಕೋಗಿಲೆ! ಕುಹೂ ಅನ್ನುವುದು ಗಂಡು, ಮೊಟ್ಟೆ ಇರುವುದು ಕಾಗೆ ಗೂಡಿನಲ್ಲಿ. ಕಿರೀಟ ಸುಳ್ಳು ಅಂತ ಮಗು ತಾನೇ ಕಂಡುಹಿಡಿಯುತ್ತದೆ. ಕೋಗಿಲೆ ವಿಷಯ ಹೇಗೆ ಕಂಡುಹಿಡಿಯಬೇಕು?

ಟೀಚರ್, ನೀವು ಆರಿಸಿಕೊಂಡ ಮೂವರಿಗೂ ಕಲ್ಪನೆ ಸೇರಿಸುವ ಅಗತ್ಯವೇ ಇಲ್ಲ. ಹೆಣ್ಣು ಕಾಳಿಂಗ ತರಗೆಲೆ ಗುಡ್ಡೆ ಮಾಡಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಗಂಡು ಸಣ್ಣ ಸೀಳಿನಿಂದ ಹಣ್ಣು ತಿನ್ನಿಸುತ್ತದೆ. ಚಗಳಿಯಂತೂ ತನ್ನ ಗೂಡಿನ ಮರಿಹುಳುವನ್ನೇ ಬಾಯಲ್ಲಿ ಹಿಡಿದು, ಅದರ ರೇಷ್ಮೆ ನೂಲಿನಿಂದ ಎಲೆಗೆ ಎಲೆ ಹೊಲಿಯುತ್ತದೆ.

ಅಜ್ಜಿಕಥೆ, ಹಾಸನ
ಚಗಳಿ ಚಟ್ನಿ ತಿಂದಿದ್ದೇನೆ, ಈ ಹೊಲಿಗೆ ಗೊತ್ತಿರಲಿಲ್ಲ! ಆದರೂ ಅಕ್ಕ, ಮರಿಗೆ ಅಮ್ಮ ಸಿಗುತ್ತಾಳಾ ಅನ್ನುವ ದಿಗಿಲು ಇಲ್ಲದಿದ್ದರೆ ಮಗು ಎರಡನೇ ಪುಟ ತಿರುಗಿಸಲ್ಲ.

ಆಲೂರು ತೋಟ
ನೀವೆಲ್ಲ ಕೋಗಿಲೆ ಹತ್ತಿರ ನಿಂತಿದ್ದೀರಿ. ನನಗೆ ಆ ಬಾಳೆಹಣ್ಣಿನ ಪುಟ ಕೇಳಿಯೇ ಎದೆ ಝಲ್ ಅಂತು. ನಾವು ಬೆಳಿಗ್ಗೆ ಎದ್ದು ಮೊದಲು ನೋಡುವುದೇ ಆನೆ ಯಾವ ಎಸ್ಟೇಟ್‌ನಲ್ಲಿದೆ ಅನ್ನುವ ಮೆಸೇಜು. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಇಲ್ಲೇ ಯಸಳೂರು ಕಡೆ ಕಾಡಾನೆ ಹಿಡಿಯಲು ಹೋಗಿ, ಸಲಗದ ಜತೆ ಕಾದಾಡಿ ಸತ್ತ. ಅಂಥ ಆನೆಗೇ ಆ ಗತಿ. ಮರಿ ಒಂಟಿಯಾಗಿ ಕಂಡರೆ ತಾಯಿ ಅಲ್ಲೇ ಗಿಡದ ಹಿಂದೆ ಇದ್ದಾಳೆ ಅಂತಲೇ ತಿಳಿಯಬೇಕು. ಬೆಂಗಳೂರಿನ ಮಗು ಇದನ್ನು ಓದಿ ಮರೆಯುತ್ತದೆ. ಲೈನ್ ಮನೆ ಮಗು ತೋಟದ ದಾರಿಯಲ್ಲೇ ಶಾಲೆಗೆ ಬರುತ್ತದೆ, ನಾಳೆ ಬಾಳೆಹಣ್ಣು ಹಿಡಿದುಕೊಂಡೇ ಹೋಗಬಹುದು.

ಲೈಬ್ರರಿ ಮೂಲೆ, ಚಿಕ್ಕಮಗಳೂರು
ಒಂದು ದಾರಿ ಇದೆ. 1986ರಲ್ಲಿ ಶುರುವಾದ ಅಮೆರಿಕದ 'ಮ್ಯಾಜಿಕ್ ಸ್ಕೂಲ್ ಬಸ್' ಪುಸ್ತಕಗಳಲ್ಲಿ ಕಥೆ ಮುಗಿದ ಮೇಲೆ, ಇದರಲ್ಲಿ ಏನೇನು ನಿಜವಾಗಿ ನಡೆಯಲ್ಲ ಅಂತ ಲೇಖಕಿ ಜೋನ್ನಾ ಕೋಲ್ ತಮಾಷೆಯಾಗಿ ಹೇಳುತ್ತಾರೆ. ಅಂಥದ್ದೊಂದು ಪುಟ ಸೇರಿಸಿ.

ಆಲೂರು ತೋಟ
ಬಾಳೆಹಣ್ಣು ಕೊಡೋ ಚಿತ್ರ ದೊಡ್ಡದಾಗಿ ಹಾಕಿ, ಕೊನೆಯಲ್ಲಿ ಚಿಕ್ಕಕ್ಷರದಲ್ಲಿ 'ಕೊಡಬೇಡಿ' ಅಂದರೆ ಯಾರು ಓದುತ್ತಾರೆ ಸಾರ್?

ನಲಿಕಲಿ ಟೀಚರ್, ಸಕಲೇಶಪುರ
ಮಾತು ತೆಗೆಯಲ್ಲ. ಅದನ್ನು ತೆಗೆದರೆ ನನ್ನ ಮಕ್ಕಳು ಪುಸ್ತಕ ಮುಟ್ಟಲ್ಲ. ಬಾಳೆಹಣ್ಣು ತೆಗೆಯುತ್ತೇನೆ. ಹುಡುಗಿ ಮರಿಯನ್ನು ಕಂಡ ತಕ್ಷಣ ಮನೆಗೆ ಓಡುತ್ತಾಳೆ, ಅವಳಪ್ಪ ಅರಣ್ಯ ಇಲಾಖೆಗೆ ಫೋನ್ ಮಾಡುತ್ತಾನೆ. ಮರಿಯನ್ನು ಹುಡುಕಿಕೊಂಡು ಬರುವುದು ಅಜ್ಜಿ ಆನೆ.

ಕಡೂರಿನ ಅಪ್ಪ
ಪಾಠಕ್ಕೆ ಬೇಡ ಅಂತಲೇ ಈಗಲೂ ಹೇಳುತ್ತೇನೆ. ಹೋಗಲಿ, ಮೊಟ್ಟೆ ಕಾಯುವ ಕಾಳಿಂಗ ದಾರಿ ಬೇರೆ ಹೇಳುತ್ತಾ ಮೇಡಂ?

ನಲಿಕಲಿ ಟೀಚರ್, ಸಕಲೇಶಪುರ
ಹೇಳುತ್ತೆ ಸಾರ್. "ಮೊಟ್ಟೆ ಇದೆ, ಈ ಕಡೆ ಕಾಲಿಟ್ಟೀಯಾ ಹುಷಾರ್! ಆ ಕಡೆಯಿಂದ ಹೋಗು!"