ಸಿ ಡ್ರೈವ್ ತುಂಬಿದೆ: ಬೂಟ್ ಸಿಡಿಯಿಂದ ಪಾರ್ಟಿಷನ್ ಹಿಗ್ಗಿಸುವುದು ಹೇಗೆ?

ಪ್ರಶ್ನೆ (ನಾಪೋಕ್ಲು)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದ ಲೆಕ್ಕಪತ್ರಗಳಿರುವ ಹಳೆಯ ಡೆಸ್ಕ್‌ಟಾಪ್‌ನಲ್ಲಿ 500 ಜಿಬಿಯ ಹಾರ್ಡ್ ಡಿಸ್ಕ್ ಇದೆ. ವಿಂಡೋಸ್ 10 ಇರುವ ಪಾರ್ಟಿಷನ್‌ಗೆ (ಡಿಸ್ಕ್‌ನ ವಿಭಾಗಕ್ಕೆ), ಅಂದರೆ ಸಿ ಡ್ರೈವ್‌ಗೆ 80 ಜಿಬಿ ಮಾತ್ರ ಸಿಕ್ಕಿದ್ದು, ಅದು ಪೂರ್ತಿ ತುಂಬಿದೆ. ವಿಂಡೋಸ್‌ನದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿ ಡ್ರೈವನ್ನು 100 ಜಿಬಿಯಷ್ಟು ಕುಗ್ಗಿಸಿದೆ. ಖಾಲಿ ಜಾಗ ಕಾಣಿಸುತ್ತಿದ್ದರೂ ಸಿ ಡ್ರೈವನ್ನು ಹಿಗ್ಗಿಸುವ ಆಯ್ಕೆ ಮಸುಕಾಗಿಯೇ ಇದೆ. ವಿಂಡೋಸ್ ತೆರೆಯದೆಯೇ ಪಾರ್ಟಿಷನ್‌ಗಳನ್ನು ಬದಲಿಸುವ ಜಿಪಾರ್ಟೆಡ್ ಎಂಬ ತಂತ್ರಾಂಶದ ಲೈವ್ (ಬೂಟ್) ಸಿಡಿಯನ್ನು ಬರೆದಿಟ್ಟುಕೊಂಡಿದ್ದೇನೆ. ಆದರೆ ಹತ್ತು ವರ್ಷಗಳ ಕೂಲಿ ಲೆಕ್ಕವೂ ದಿನದಿನದ ಮಳೆಯ ದಾಖಲೆಯೂ ಡಿ ಡ್ರೈವ್‌ನಲ್ಲಿರುವುದರಿಂದ ಮುಂದುವರಿಯಲು ಧೈರ್ಯ ಬರುತ್ತಿಲ್ಲ.

ಉತ್ತರ 1 (ಮಡಿಕೇರಿ)

ತಾವು ಡಿ ಡ್ರೈವನ್ನು ಕುಗ್ಗಿಸಿದಾಗ ಖಾಲಿ ಜಾಗ ಅದರ ಬಲಗಡೆ ಉಳಿದಿದೆ, ಸಿ ಡ್ರೈವ್ ಇರುವುದು ಎಡಗಡೆ. ಒಂದು ಡ್ರೈವ್‌ನ ಬಲಕ್ಕೆ ಅಂಟಿಕೊಂಡಿರುವ ಜಾಗವನ್ನು ಮಾತ್ರ ವಿಂಡೋಸ್ ಸೇರಿಸಿಕೊಳ್ಳಬಲ್ಲದು. ಆದ್ದರಿಂದಲೇ ಆಯ್ಕೆ ಮಸುಕಾಗಿದೆ. ಜಿಪಾರ್ಟೆಡ್‌ನಲ್ಲಿ ಡಿ ಡ್ರೈವನ್ನು ಬಲಕ್ಕೆ ಸರಿಸಿ, ನಂತರ ಸಿ ಡ್ರೈವ್‌ನ ಕೊನೆಯನ್ನು ಹಿಗ್ಗಿಸಬೇಕು. ಸಿ ಡ್ರೈವ್‌ನ ಆರಂಭ ಅಲುಗಾಡುವುದಿಲ್ಲವಾದ್ದರಿಂದ ವಿಂಡೋಸ್ ಬೂಟ್ ಆಗುವುದಕ್ಕೆ ಸಾಮಾನ್ಯವಾಗಿ ತೊಂದರೆಯಾಗದು.

ಸಿಡಿ ಹಾಕುವ ಮೊದಲು ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ವಿಂಡೋಸನ್ನು ಶಟ್‌ಡೌನ್ ಮಾಡಿ. ಬೇಗ ತೆರೆದುಕೊಳ್ಳಲೆಂದು ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲ್ತಿಯಲ್ಲಿದ್ದರೆ ಯಂತ್ರ ಪೂರ್ತಿ ಮುಚ್ಚಿರುವುದಿಲ್ಲ, ಅಂಥ ಪಾರ್ಟಿಷನ್ ಮೇಲೆ ಜಿಪಾರ್ಟೆಡ್ ಎಚ್ಚರಿಕೆಯ ಚಿಹ್ನೆ ತೋರಿಸುತ್ತದೆ. ಬಿಟ್‌ಲಾಕರ್ (ಡ್ರೈವ್‌ಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗ) ಇದ್ದರೆ ಮೊದಲೇ ತೆಗೆದುಹಾಕಿ. ತಾವು ಆರಿಸಿದ ಬದಲಾವಣೆಗಳು ಕೆಳಗಿನ ಪಟ್ಟಿಯಲ್ಲಿ ಸುಮ್ಮನೆ ಕಾದಿರುತ್ತವೆ. ಹಸಿರು ಗುರುತಿನ ಗುಂಡಿಯನ್ನು ಒತ್ತುವವರೆಗೆ ಡಿಸ್ಕ್ ಮೇಲೆ ಏನೂ ಬದಲಾಗುವುದಿಲ್ಲ.

ಉತ್ತರ 2 (ಸೋಮವಾರಪೇಟೆ)

ಮೇಲಿನ ವಿಧಾನ ಸರಿಯಾದುದೇ, ಆದರೆ ಈ ಮಳೆಗಾಲದಲ್ಲಿ ಅದನ್ನು ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಪಾರ್ಟಿಷನ್ ಸರಿಸುವುದೆಂದರೆ ಒಳಗಿನ ದತ್ತಾಂಶವನ್ನೆಲ್ಲ ಡಿಸ್ಕ್‌ನ ಬೇರೆ ಜಾಗಕ್ಕೆ ಓದಿ ಬರೆಯುವುದು. ಹಳೆಯ ಡಿಸ್ಕ್‌ನಲ್ಲಿ ಅದಕ್ಕೆ ಗಂಟೆಗಟ್ಟಲೆ ಬೇಕು. ನಾನು ಒಂದು ಜುಲೈ ತಿಂಗಳಲ್ಲಿ ಇದನ್ನೇ ಮಾಡುತ್ತಿದ್ದಾಗ ಮರ ಬಿದ್ದು ಕರೆಂಟ್ ಹೋಯಿತು, ಯುಪಿಎಸ್ ಇಪ್ಪತ್ತು ನಿಮಿಷವೂ ತಾಳಲಿಲ್ಲ, ಮಗಳ ನಾಮಕರಣದ ಚಿತ್ರಗಳೆಲ್ಲ ಹೋದವು. ಅವು ಮತ್ತೆ ಸಿಗಲಿಲ್ಲ.

ಡಿ ಡ್ರೈವ್‌ನಲ್ಲಿರುವುದನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಕೆಲವು ಕಡತಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಪರೀಕ್ಷಿಸಿ, ಆಮೇಲೆ ಡಿ ಡ್ರೈವನ್ನು ಅಳಿಸಿಯೇ ಬಿಡಿ. ಸರಿಸಬೇಕಾದ ದತ್ತಾಂಶವೇ ಇಲ್ಲದಿದ್ದರೆ ಸಿ ಡ್ರೈವ್ ಹಿಗ್ಗಿಸುವುದು ಸ್ವಲ್ಪ ಹೊತ್ತಿನ ಕೆಲಸ.

ಪ್ರಶ್ನೆ ಕೇಳಿದವರು

ತಮ್ಮಿಬ್ಬರಿಗೂ ಕೃತಜ್ಞತೆಗಳು. ಎರಡನೆಯ ದಾರಿಯನ್ನೇ ಹಿಡಿದೆ. ನಕಲು ಮುಗಿಸಿ ಡಿ ಡ್ರೈವನ್ನು ಅಳಿಸಿದ ಮೇಲೂ ಸಿ ಡ್ರೈವ್ ಒಂದಿಷ್ಟೂ ಹಿಗ್ಗುತ್ತಿಲ್ಲ. ಖಾಲಿ ಜಾಗದ ಸುತ್ತ ತಿಳಿನೀಲಿ ಚೌಕಟ್ಟೊಂದು ಕಾಣಿಸುತ್ತಿದೆ.

ಉತ್ತರ 1 (ಮಡಿಕೇರಿ)

ಅದು ಎಕ್ಸ್‌ಟೆಂಡೆಡ್ ಪಾರ್ಟಿಷನ್. ಡಿಸ್ಕನ್ನು ವಿಭಾಗಿಸುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ 4 ಪ್ರೈಮರಿ (ಮುಖ್ಯ) ಪಾರ್ಟಿಷನ್‌ಗಳಿಗೆ ಮಾತ್ರ ಅವಕಾಶವಿರುವುದರಿಂದ ಅವುಗಳಲ್ಲಿ ಒಂದನ್ನು ಹೀಗೆ ಡಬ್ಬಿಯಂತೆ ಬಳಸಿ, ಅದರೊಳಗೆ ಡಿ ಡ್ರೈವ್ ಮಾಡಿರುತ್ತಾರೆ. ಡಬ್ಬಿಯೊಳಗಿನ ಜಾಗ ಹೊರಗಿರುವ ಸಿ ಡ್ರೈವ್‌ಗೆ ದಕ್ಕುವುದಿಲ್ಲ. ಅದರೊಳಗೆ ಬೇರೇನೂ ಇಲ್ಲವೆಂದು ಖಚಿತಪಡಿಸಿಕೊಂಡು ಅದನ್ನೂ ಅಳಿಸಿ, ಸಿ ಡ್ರೈವನ್ನು 180 ಜಿಬಿಗೆ ಹಿಗ್ಗಿಸಿ, ಉಳಿದ ಜಾಗದಲ್ಲಿ ಹೊಸದಾಗಿ ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನಿಡುವ ವ್ಯವಸ್ಥೆ) ಪಾರ್ಟಿಷನ್ ಮಾಡಿ. ಮೊದಲ ಸಲ ವಿಂಡೋಸ್ ತೆರೆದುಕೊಳ್ಳುವಾಗ ಡಿಸ್ಕ್ ತಪಾಸಣೆ ನಡೆಯುತ್ತದೆ; ಅದನ್ನು ಮಧ್ಯದಲ್ಲಿ ನಿಲ್ಲಿಸಬೇಡಿ.