ಸಹಾಯ ಬೇಕು: ಅಪ್ಪನ ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ ಪರೀಕ್ಷೆ) ಎನ್‌ಎಲ್‌ಆರ್, ಆರ್‌ಡಿಡಬ್ಲ್ಯೂ ಎರಡೂ ಜಾಸ್ತಿ

ನಮಸ್ಕಾರ. ಅಪ್ಪನಿಗೆ 64 ವರ್ಷ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿ ಮೂರು ವಾರ ಆಯಿತು. ಅಡ್ಮಿಟ್ ಆದ ದಿನ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಶೇ. 78, ಲಿಂಫೋಸೈಟ್ ಶೇ. 14 ಇತ್ತು, ಭಾಗಿಸಿದರೆ ಎನ್‌ಎಲ್‌ಆರ್ 5.6 ಬರುತ್ತದೆ. ಅಟ್ಯಾಕ್ ಆದಾಗ ನ್ಯೂಟ್ರೋಫಿಲ್ ಏರುವುದು ಸಹಜ ಅಂತ ಓದಿ ಸುಮ್ಮನಾದೆ. ಆದರೆ ಮೊನ್ನೆ ಮತ್ತೆ ಮಾಡಿಸಿದಾಗಲೂ 4.5 ಇದೆ, ಜೊತೆಗೆ ಆರ್‌ಡಿಡಬ್ಲ್ಯೂ (ಕೆಂಪು ರಕ್ತಕಣಗಳ ಗಾತ್ರದಲ್ಲಿನ ವ್ಯತ್ಯಾಸ) 16.1, ಹಿಮೋಗ್ಲೋಬಿನ್ 10.8. ಎನ್‌ಎಲ್‌ಆರ್, ಆರ್‌ಡಿಡಬ್ಲ್ಯೂ ಎರಡೂ ಜಾಸ್ತಿ ಇದ್ದರೆ ಹೃದಯ ರೋಗಿಗಳಿಗೆ ಅಪಾಯ ಹೆಚ್ಚು ಅಂತಾರೆ. ಆದರೆ ಕಬ್ಬಿಣಾಂಶ ಕಡಿಮೆಯಾದರೂ ಆರ್‌ಡಿಡಬ್ಲ್ಯೂ ಏರುತ್ತದೆ, ಸೋಂಕಿದ್ದರೂ ಎನ್‌ಎಲ್‌ಆರ್ ಏರುತ್ತದೆ, ಅಲ್ವಾ? ಜ್ವರ, ಕೆಮ್ಮು ಏನೂ ಇಲ್ಲ. ಡಾಕ್ಟರು ಎಕೋ (ಹೃದಯದ ಸ್ಕ್ಯಾನ್) ನೋಡಿ ಚಿಂತೆ ಬೇಡ ಎಂದರು, ಈ ಸಂಖ್ಯೆಗಳ ಬಗ್ಗೆ ಕೇಳಲು ಸಮಯವೇ ಸಿಗಲಿಲ್ಲ. ನನಗೆ ನಿದ್ದೆ ಬರುತ್ತಿಲ್ಲ. ಮುಂದಿನ ವಾರದ ಭೇಟಿಗೆ ಫೆರಿಟಿನ್ (ಕಬ್ಬಿಣಾಂಶದ ಸಂಗ್ರಹ ತಿಳಿಸುವ ಪರೀಕ್ಷೆ), ಸಿಆರ್‌ಪಿ (ಉರಿಯೂತ ತಿಳಿಸುವ ಪರೀಕ್ಷೆ) ಮಾಡಿಸಿಕೊಂಡೇ ಹೋಗಬೇಕಾ, ಅಥವಾ ಒಂದು ತಿಂಗಳು ಬಿಟ್ಟು ಸಿಬಿಸಿ ಮಾತ್ರ ನೋಡಿದರೆ ಸಾಕಾ?