ಅಪ್‌ಡೇಟ್: ಜಾನಪದ ಲೋಕಕ್ಕೆ ಹೋಗಿ ಬಂದೆವು

ಬೆಂಗಳೂರಿನ ಹತ್ತಿರ, ಅತ್ತೆ ಮತ್ತು ಇಬ್ಬರು ಮಕ್ಕಳ ಜೊತೆ ಒಂದೇ ದಿನದಲ್ಲಿ ಹಳ್ಳಿ ಬದುಕು ನೋಡಿ ಬರೋ ಜಾಗ ಯಾವುದು ಅಂತ ಹೋದ ವಾರ ಕೇಳಿದ್ದೆ. ರಾಮನಗರದ ಜಾನಪದ ಲೋಕ ಅನ್ನೋ ಮ್ಯೂಸಿಯಂಗೆ ಹೋಗಿ ಅಂದಿರಿ. ಭಾನುವಾರ ಹೋಗಿ ಬಂದೆವು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೈಸೂರು ರಸ್ತೆಯಲ್ಲಿ ಸುಮಾರು 50 ಕಿ.ಮೀ. ಅಷ್ಟೇ. ಇದನ್ನು ಕಟ್ಟಿದ ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಸಾಮಾನು ಅಲ್ಲಿದೆ. ಲೋಕಮಾತಾ ಮಂದಿರ ಅನ್ನೋ ಅಲ್ಲಿನ ಕಟ್ಟಡದಲ್ಲಿ ಒನಕೆ, ಮೊರ, ಬೀಸುವ ಕಲ್ಲು ಎಲ್ಲ ಇದೆ. ಅತ್ತೆ ಕಲ್ಲಿನ ಮುಂದೆ ನಿಂತವರು ಕದಲಲೇ ಇಲ್ಲ. "ಗೂಟ ಹಿಡಿದು ಹಿಡಿದು ನಮ್ಮವ್ವನ ಅಂಗೈ ಗಟ್ಟಿಯಾಗಿತ್ತು ಕಣೇ" ಅಂದು ಮೊಮ್ಮಗಳ ಕೈ ಹಿಡಿದು, ಹೇಗೆ ತಿರುಗಿಸೋದು ಅಂತ ಗಾಳಿಯಲ್ಲೇ ತೋರಿಸಿದರು. ಒಂದು ಕೈಯಲ್ಲಿ ತಿರುಗಿಸ್ತಾ, ಇನ್ನೊಂದರಲ್ಲಿ ರಾಗಿ ಹಾಕಬೇಕಂತೆ. ಮದುವೆಯಾಗಿ ಹನ್ನೆರಡು ವರ್ಷ, ಅವರವ್ವನ ಬಗ್ಗೆ ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ.

ಮಗನಿಗೆ ತೊಗಲು ಗೊಂಬೆ ಇಷ್ಟವಾಯ್ತು. ಚರ್ಮದಲ್ಲಿ ಮಾಡಿದ್ದು ಅಂದರೆ ನಂಬಲೇ ಇಲ್ಲ.

ಹೋಗೋರು ಬೆಳಿಗ್ಗೆ ಬೇಗ ಹೊರಡಿ. ಓಡಾಟ ಜಾಸ್ತಿ, ವಯಸ್ಸಾದವರಿಗೆ ಟೋಪಿ, ನೀರು ಬೇಕೇ ಬೇಕು. ಮುಂದಿನ ಸಲ ನಮ್ಮ ಅಮ್ಮನನ್ನೂ ಕರ್ಕೊಂಡು ಹೋಗ್ತೀನಿ.